ಕಂಚಿಗೆ ಒಲಿದ ರೋಲು, ಅಮೃತಶಿಲೆಗೆ ಒಲಿಯದ ರೋಲು: ಪ್ರತಿಮೆಗಳ ಮುಂದೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್

ಸರ್ ಮಾರ್ಕ್ ಕಬ್ಬನ್ ಕುದುರೆಯೇರಿ ಕುಳಿತಿರುವ ಕಂಚಿನ ಪ್ರತಿಮೆಯನ್ನು ಮೊದಲು ಮೊಬೈಲಿನಲ್ಲಿ ತೆಗೆದಿದ್ದೆ. ಬಣ್ಣದಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ಕಪ್ಪು-ಬಿಳುಪಿಗೆ ತಿರುಗಿಸಿದ ಕೂಡಲೇ ಕುದುರೆಯ ಹಿಂಗಾಲು ಮತ್ತು ಬಾಲಗಳೆರಡೂ ಹಿಂದಿನ ಮರಗಳೊಳಗೆ ಕರಗಿಹೋದವು. ಕಂಚು ಕಂದು, ಎಲೆ ಹಸಿರು ಎಂದು ನಮ್ಮ ಕಣ್ಣು ಬೇರ್ಪಡಿಸಿಕೊಳ್ಳುತ್ತದೆ. ಬಣ್ಣವನ್ನು ಕಿತ್ತುಹಾಕಿದರೆ ಎರಡಕ್ಕೂ ಉಳಿಯುವುದು ಒಂದೇ ಬೂದು. ಸಾರ್ವಜನಿಕ ಪ್ರತಿಮೆಗಳನ್ನು ಏಕವರ್ಣದಲ್ಲಿ ತೆಗೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ ಆದ್ದರಿಂದ, ಇಲ್ಫೋರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ಎಂಬ 35 ಎಂಎಂ ಕಪ್ಪು-ಬಿಳುಪು ಫಿಲ್ಮ್ ರೋಲಿನ ಈ ವಿಮರ್ಶೆಯನ್ನೂ ಅಲ್ಲಿಂದಲೇ ಆರಂಭಿಸುತ್ತಿದ್ದೇನೆ. ಕಳೆದ ಮೂರು ತಿಂಗಳಲ್ಲಿ ಈ ರೋಲನ್ನು ಆರು ಬಾರಿ ತುಂಬಿಸಿ, ಬಹುಪಾಲು ಕಬ್ಬನ್ ಪಾರ್ಕಿನಲ್ಲಿ, ಒಂದು ದಿನ ಕೆಂಪೇಗೌಡ ವಿಮಾನ ನಿಲ್ದಾಣದ ಆವರಣದಲ್ಲಿ, ಉಳಿದಂತೆ ನಮ್ಮ ಬಡಾವಣೆಯ ವೃತ್ತಗಳಲ್ಲಿ ಪ್ರತಿಮೆಗಳನ್ನಷ್ಟೇ ತೆಗೆದಿದ್ದೇನೆ. ಕ್ಯಾಮೆರಾ ಹಳೆಯ ಪೆಂಟಾಕ್ಸ್ ಕೆ1000. ಲೆನ್ಸು 50 ಮತ್ತು 135 ಎಂಎಂ.

ರೋಲಿನ ಪರಿಚಯ ಚುಟುಕಾಗಿ ಹೀಗಿದೆ. ಇದರ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಐಎಸ್ಒ 400. ರೋಲಿಗೆ 36 ಚಿತ್ರ. ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ಮಾಬರ್ಲಿಯಲ್ಲಿ ಹಾರ್ಮನ್ ಟೆಕ್ನಾಲಜಿ ಸಂಸ್ಥೆ ಇದನ್ನು ತಯಾರಿಸುತ್ತದೆ. ‘ಪ್ಲಸ್’ ಸೇರಿದ ಈಗಿನ ರೂಪ ಬಂದದ್ದು 1989ರಲ್ಲಿ. ಎಚ್‌ಪಿ ಎಂಬ ಹೆಸರು ಅದಕ್ಕಿಂತ ಅರ್ಧ ಶತಮಾನ ಹಳೆಯದು. ನಮ್ಮ ನೆರೆಯ ಊಟಿಯಲ್ಲಿಯೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು-ಬಿಳುಪು ರೋಲು ಮತ್ತು ಕಾಗದಗಳನ್ನು ತಯಾರಿಸುತ್ತಿದ್ದ ಕಾಲವೊಂದಿತ್ತು. ಅದು ಬಾಗಿಲು ಹಾಕಿದ ಮೇಲೆ ನಮಗೆ ಆಮದಿನ ರೋಲೇ ಗತಿ. ಹೀಗಾಗಿ ಒಂದು ಎಚ್‌ಪಿ5ಗೆ ಸಾವಿರ ರೂಪಾಯಿಯ ಆಸುಪಾಸು ಕೊಡಬೇಕಾಗುತ್ತದೆ, ತೊಳೆಸಿ (ಅಂದರೆ ಡೆವಲಪ್ ಮಾಡಿಸಿ) ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಒಂದೊಂದು ಸಲ ಷಟರ್ ಒತ್ತುವಾಗಲೂ ಜೇಬಿನಿಂದ ಸುಮಾರು ಮೂವತ್ತು ರೂಪಾಯಿ ಜಾರಿತೆಂದೇ ಲೆಕ್ಕ. ಪ್ರತಿಮೆಗಳ ವಿಷಯದಲ್ಲಿ ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಕು ಸರಿಯಿಲ್ಲದಿದ್ದರೆ ನಾಳೆ ಬಂದರಾಯಿತು.

ಮಾರ್ಕ್ ಕಬ್ಬನ್ ಪ್ರತಿಮೆಗೇ ಮರಳೋಣ. ಇದನ್ನು ರೂಪಿಸಿದವನು ಇಟಲಿಯಲ್ಲಿ ಹುಟ್ಟಿದ ಶಿಲ್ಪಿ ಕಾರ್ಲೊ ಮರೋಕೆಟ್ಟಿ. ಲಂಡನ್ನಿನ ಸಂಸತ್ ಭವನದ ಹೊರಗೆ ಕತ್ತಿಯೆತ್ತಿ ಕುದುರೆಯೇರಿರುವ ರಾಜ ರಿಚರ್ಡನ ಪ್ರತಿಮೆಯೂ ಇವನದೇ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಕಬ್ಬನ್ ಅವರ ಈ ಪ್ರತಿಮೆ 1866ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡಿತು. ಬಹುಕಾಲ ಅಠಾರಾ ಕಚೇರಿಯ, ಅಂದರೆ ಇಂದಿನ ಹೈಕೋರ್ಟಿನ ಕೆಂಪು ಕಟ್ಟಡದ ಆವರಣದಲ್ಲಿದ್ದ ಇದನ್ನು 2020ರಲ್ಲಿ ಉದ್ಯಾನದೊಳಕ್ಕೆ ಸ್ಥಳಾಂತರಿಸಲಾಯಿತು. ಛಾಯಾಗ್ರಾಹಕನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಕೆಂಪು ಗೋಡೆಯ ಹಿನ್ನೆಲೆ ಹೋಗಿ ಮರಗಳ ಹಿನ್ನೆಲೆ ಬಂದಿದೆ. ಬಯಲ ಬಿಸಿಲು ಹೋಗಿ ಚುಕ್ಕಿ ಚುಕ್ಕಿಯಾಗಿ ಸೋರುವ ಬೆಳಕು ಬಂದಿದೆ.

ಈ ಪ್ರತಿಮೆಯನ್ನು ಮೊದಲ ರೋಲಿನಲ್ಲಿ ಯಾವ ಫಿಲ್ಟರೂ (ಲೆನ್ಸಿನ ಮುಂದೆ ತೊಡಿಸುವ ಬಣ್ಣದ ಗಾಜು) ಇಲ್ಲದೆ ತೆಗೆದೆ. ಮೊಬೈಲಿನಲ್ಲಿ ಆದದ್ದೇ ಇಲ್ಲಿಯೂ ಆಯಿತು, ಇಲ್ಲಿ ಬೂದುಬಣ್ಣ ತುಸು ಸಭ್ಯವಾಗಿತ್ತು ಎಂಬುದಷ್ಟೇ ವ್ಯತ್ಯಾಸ. ಎಚ್‌ಪಿ5 ಎಲ್ಲ ಬಣ್ಣಗಳ ಬೆಳಕಿಗೂ ಸ್ಪಂದಿಸುತ್ತದೆ, ಆದರೆ ಅದರ ನಡುಬೂದುಗಳು ಸ್ವಭಾವತಃ ಸಪ್ಪೆ. ಹತ್ತಿರ ಹತ್ತಿರದ ಎರಡು ಛಾಯೆಗಳನ್ನು ತಾನಾಗಿ ಎಳೆದು ದೂರ ನಿಲ್ಲಿಸುವ ಗುಣ ಅದಕ್ಕಿಲ್ಲ. ಎರಡನೆಯ ರೋಲಿನಲ್ಲಿ ಹಳದಿ-ಹಸಿರು ಫಿಲ್ಟರ್ ಹಾಕಿ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ನಿಂತೆ. ಫಿಲ್ಟರ್ ನುಂಗುವ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು) ಬೆಳಕನ್ನು ಷಟರ್ ವೇಗ ಇಳಿಸಿ ಸರಿದೂಗಿಸಿದೆ. ಈ ಬಾರಿ ಎಲೆಗಳು ತಿಳಿಯಾದವು, ಕಂಚು ಇದ್ದಲ್ಲೇ ಉಳಿಯಿತು. ಕುದುರೆಯ ಕುತ್ತಿಗೆಯ ಬಾಗು, ಲಗಾಮು ಹಿಡಿದ ಕೈ, ಬಾಲದ ಅಂಚು ಎಲ್ಲವೂ ಹಿನ್ನೆಲೆಯಿಂದ ಬಿಡಿಸಿಕೊಂಡು ಹೊರಗೆ ಬಂದವು. ಆ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದಾಗಲೇ ಈ ರೋಲಿನ ಸ್ವಭಾವ ನನಗೆ ಅರ್ಥವಾದದ್ದು. ಯಾವ ಬಣ್ಣ ಎಷ್ಟು ಬೂದಾಗಬೇಕೆಂಬುದನ್ನು ನಾವು ಲೆನ್ಸಿನ ಮುಂದೆಯೇ ತೀರ್ಮಾನಿಸಿ ಕಳುಹಿಸಬೇಕು. ರೋಲು ಆ ತೀರ್ಮಾನವನ್ನು ಚಾಚೂ ತಪ್ಪದೆ ಬರೆದಿಡುತ್ತದೆ, ತನ್ನದೇನನ್ನೂ ಸೇರಿಸುವುದಿಲ್ಲ.

ಕಂಚಿನ ಮೇಲ್ಮೈಯಲ್ಲಿ ಇದರ ಗುಣ ನಿಜಕ್ಕೂ ಮೆಚ್ಚುವಂಥದ್ದು. ಹಳೆಯ ಕಂಚಿನ ಮೇಲೆ ಕಿಲುಬು ಹತ್ತಿದ ಹಸಿರು, ಮಳೆನೀರು ಇಳಿದ ಗೆರೆ, ಪಾರಿವಾಳಗಳು ಉಪಕರಿಸಿಹೋದ ಬಿಳಿಪಟ್ಟೆ, ಮೂಗು ಮತ್ತು ಮೊಣಕಾಲುಗಳ ಮೇಲೆ ಮಿನುಗುವ ಸಣ್ಣ ಹೊಳಪು ಎಲ್ಲವೂ ಒಟ್ಟಿಗೇ ಇರುತ್ತವೆ. ಸೆಂಟ್ರಲ್ ಲೈಬ್ರರಿ ಇರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಮುಂದಿನ ದಿವಾನರ ಪ್ರತಿಮೆ ಇದಕ್ಕೆ ಒಳ್ಳೆಯ ಪರೀಕ್ಷೆ. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಈ ಪ್ರತಿಮೆಯನ್ನು ರಾಬರ್ಟ್ ಕೋಲ್ಟನ್ ರೂಪಿಸಿದ. 1913ರಲ್ಲಿ ವೈಸ್‌ರಾಯ್ ಲಾರ್ಡ್ ಹಾರ್ಡಿಂಜ್ ಅನಾವರಣ ಮಾಡಿದ. ಮೋಡ ಕವಿದ ಬೆಳಗ್ಗೆ 135 ಎಂಎಂ ಲೆನ್ಸಿನಲ್ಲಿ ಮುಖವನ್ನಷ್ಟೇ ತೆಗೆದ ಚಿತ್ರದಲ್ಲಿ ಹುಬ್ಬಿನ ಕೆಳಗಿನ ನೆರಳೂ ಹಣೆಯ ಮೇಲಿನ ಹೊಳಪೂ ಒಂದನ್ನೊಂದು ನುಂಗದೆ ಉಳಿದಿವೆ. ಇಲ್ಲಿ ಫಿಲ್ಮಿನ ಕಣ, ಅಂದರೆ ಚಿತ್ರವನ್ನು ಕಟ್ಟುವ ಬೆಳ್ಳಿಯ ಸಣ್ಣ ಚುಕ್ಕಿ, ಕಣ್ಣಿಗೆ ಕಾಣುತ್ತದೆ, ಆದರೆ ಎರಕದ ಲೋಹಕ್ಕೆ ಸಹಜವಾಗಿರುವ ಒರಟುತನದೊಂದಿಗೆ ಅದು ಬೆರೆತುಹೋಗುತ್ತದೆ. ಡೆಲ್ಟಾ 400ರಂಥ ಚಪ್ಪಟೆ ಕಣಗಳ ಆಧುನಿಕ ರೋಲುಗಳು ಇದಕ್ಕಿಂತ ನಯ. ಆ ನಯವೇ ಕಂಚನ್ನು ಪ್ಲಾಸ್ಟಿಕ್ಕಿನಂತೆ ಕಾಣಿಸುತ್ತದೆ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ.

ಉದ್ದ ಲೆನ್ಸಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಹೇಳಿಬಿಡುತ್ತೇನೆ. ನಮ್ಮ ಪ್ರತಿಮೆಗಳೆಲ್ಲ ಆಳೆತ್ತರ ಮೀರಿದ ಪೀಠಗಳ ಮೇಲೆ ನಿಂತಿವೆ. ಹತ್ತಿರ ಹೋಗಿ ಕತ್ತೆತ್ತಿ ತೆಗೆದರೆ ದಿವಾನರಿರಲಿ ದೊರೆಯಿರಲಿ, ಸಿಗುವುದು ಮೂಗಿನ ಹೊಳ್ಳೆ ಮತ್ತು ಗದ್ದ ಮಾತ್ರ. ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಉದ್ದ ಲೆನ್ಸು ಹಾಕಿದರೆ ಶಿಲ್ಪಿ ಉದ್ದೇಶಿಸಿದ ಮುಖ ಕಾಣುತ್ತದೆ. ಮರದ ನೆರಳಿನಲ್ಲಿ ಈ ದೂರದ ಹೊಡೆತಕ್ಕೆ 400ರ ವೇಗ ಬೇಕೇ ಬೇಕು. ದಟ್ಟ ನೆರಳಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್4ಕ್ಕೆ ತೆರೆದರೆ ನನಗೆ ಸಿಕ್ಕ ಷಟರ್ ವೇಗ ಸೆಕೆಂಡಿನ 125ನೆಯ ಒಂದು ಭಾಗ. 135 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ಅಲುಗದಂತೆ ತೆಗೆಯಲು ಅಲ್ಲಿಗೆ ಅಂಚು. 125 ವೇಗದ ರೋಲಾಗಿದ್ದರೆ ಟ್ರೈಪಾಡ್ ಹೊರಬೇಕಿತ್ತು, ಟ್ರೈಪಾಡ್ ಬಿಡಿಸಿದರೆ ಅನುಮತಿ ಚೀಟಿಯ ಪ್ರಶ್ನೆ ಏಳುತ್ತಿತ್ತು. ಒಮ್ಮೆ ಟ್ರೈಪಾಡ್ ಇಲ್ಲದೆಯೂ ಕಾವಲುಗಾರರೊಬ್ಬರು ಬಂದು, ‘ಏನ್ ಸಾರ್, ಶೂಟಿಂಗಾ? ತೋರ್ಸಿ, ಏನ್ ತೆಗೆದ್ರಿ’ ಎಂದರು. ಕ್ಯಾಮೆರಾದ ಬೆನ್ನು ತಿರುಗಿಸಿ ತೋರಿಸಿದೆ. ಪರದೆಯೇ ಇಲ್ಲದ ಬೆನ್ನನ್ನು ಅವರು ಒಂದು ಗಳಿಗೆ ನೋಡಿ, ‘ಇದು ಇನ್ನೂ ನಡೀತದಾ?’ ಎಂದು ಕೇಳಿ ನಗುತ್ತ ಹೋದರು. ಅಂದ ಹಾಗೆ, ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನೆಲೆಗೊಂಡಿರುವ ಶಿಲ್ಪದ ಛಾಯಾಚಿತ್ರ ತೆಗೆಯುವುದಾಗಲಿ ಅದನ್ನು ಪ್ರಕಟಿಸುವುದಾಗಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಉಲ್ಲಂಘನೆಯಲ್ಲ. ಉದ್ಯಾನದ ನಿಯಮಗಳು ಬೇರೆಯ ಮಾತು, ಅವುಗಳಿಗೆ ತಲೆಬಾಗಲೇಬೇಕು.

ಈಗ ಅಮೃತಶಿಲೆಯ ಕಡೆಗೆ. ಉದ್ಯಾನದ ಮಹಾತ್ಮ ಗಾಂಧಿ ರಸ್ತೆಯ ಅಂಚಿನಲ್ಲಿ ನಿಂತಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆ ಥಾಮಸ್ ಬ್ರಾಕ್ ಎಂಬ ಶಿಲ್ಪಿಯದು. 1906ರ ಫೆಬ್ರವರಿಯಲ್ಲಿ, ಮುಂದೆ ಐದನೆಯ ಜಾರ್ಜ್ ಆದ ಅಂದಿನ ವೇಲ್ಸ್ ರಾಜಕುಮಾರ ಇದನ್ನು ಅನಾವರಣಗೊಳಿಸಿದ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಳ, ಮೈತುಂಬ ನೆರಿಗೆ ನೆರಿಗೆಯಾಗಿ ಇಳಿಬಿದ್ದ ನಿಲುವಂಗಿ. ಎಚ್‌ಪಿ5 ನನಗೆ ನಿರಾಸೆ ಮಾಡಿದ್ದು ಇಲ್ಲಿ, ಮತ್ತು ಆ ನಿರಾಸೆಯಲ್ಲಿ ಅರ್ಧ ಪಾಲು ನನ್ನದೇ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನೆದುರು ಇರುವುದೆಲ್ಲವೂ ನಡುಬೂದು ಎಂದೇ ನಂಬಿಕೊಂಡಿರುತ್ತದೆ. ಬಿಳಿ ಶಿಲೆಯನ್ನು ತೋರಿಸಿದರೆ ಬೆಳಕು ಹೆಚ್ಚಾಯಿತೆಂದು ಹೆದರಿ ಕಡಿಮೆ ಮಾಡಿಸುತ್ತದೆ. ಕಪ್ಪು ಕಂಚನ್ನು ತೋರಿಸಿದರೆ ಸಾಲದೆಂದು ಹೆಚ್ಚು ಕೇಳುತ್ತದೆ. ಮೊದಲ ರೋಲಿನಲ್ಲಿ ಮೀಟರ್ ಹೇಳಿದಂತೆ ಕೇಳಿದ್ದರಿಂದ ರಾಣಿ ಸಿಮೆಂಟಿನ ಬಣ್ಣಕ್ಕೆ ತಿರುಗಿ, ನೆರಿಗೆಗಳ ಒಳಗೆ ಏನೂ ಉಳಿಯಲಿಲ್ಲ. ಈ ರೋಲು ತಪ್ಪುಗಳನ್ನು ಕ್ಷಮಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವಾದರೂ ಕ್ಷಮೆ ಒಂದೇ ದಿಕ್ಕಿನದು. ಎರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ನೆಗೆಟಿವ್ ಕಪ್ಪಾಗಿ ದಟ್ಟವಾಗುತ್ತದೆಯೇ ಹೊರತು ಕೆಡುವುದಿಲ್ಲ. ಎರಡು ಸ್ಟಾಪ್ ಕಡಿಮೆಯಾದರೆ ನೆರಳಿನಲ್ಲಿ ಬರೆಯದೇ ಹೋದದ್ದನ್ನು ಯಾವ ರಸಾಯನವೂ ಮರಳಿ ತಂದುಕೊಡದು. ಆಮೇಲಿಂದ ನಾನು ಪ್ರತಿಮೆಯ ಮೇಲೆ ಬೀಳುವ ಬೆಳಕೇ ನನ್ನ ಅಂಗೈ ಮೇಲೂ ಬೀಳುವಂತೆ ನಿಂತು, ಅಂಗೈಯನ್ನು ಅಳೆದು, ಒಂದು ಸ್ಟಾಪ್ ಹೆಚ್ಚು ಕೊಡುವ ಹಳೆಯ ಲೆಕ್ಕಕ್ಕೆ ಮರಳಿದೆ. ಅಂಗೈ ಕಂಚಿಗೂ ಒಂದೇ, ಶಿಲೆಗೂ ಒಂದೇ.

ಬೆಳಕಿನ ಲೆಕ್ಕ ಸರಿಯಾದ ಮೇಲೂ ಉಳಿದ ದೋಷ ರೋಲಿನದು. ಅಮೃತಶಿಲೆಯ ಸೊಗಸಿರುವುದು ಬಿಳಿಯಿಂದ ತಿಳಿಬೂದಿಗೆ ಬಹಳ ಮೆಲ್ಲಗೆ ಜಾರುವ ಛಾಯೆಗಳಲ್ಲಿ. ಎಚ್‌ಪಿ5ರ ಕಣ ಎದ್ದು ಕಾಣುವುದೂ ಇಂಥ ಸಮತಟ್ಟಾದ ತಿಳಿಬೂದಿನಲ್ಲಿಯೇ. ಕಂಚಿನಲ್ಲಿ ಹೊಂದಿಕೊಂಡ ಕಣ ಇಲ್ಲಿ ರಾಣಿಯ ಕೆನ್ನೆಯ ಮೇಲೆ ರವೆ ಉದುರಿಸಿದಂತೆ ಕಾಣುತ್ತದೆ. ಎಂಟಕ್ಕೆ ಹತ್ತು ಇಂಚಿನ ಮುದ್ರಣದಲ್ಲಿ ಸಹಿಸಬಹುದು, ಅದಕ್ಕಿಂತ ದೊಡ್ಡದು ಮಾಡಿಸುವವರು ಅದೇ ಕಂಪನಿಯ 125 ವೇಗದ ಎಫ್‌ಪಿ4 ಪ್ಲಸ್ ಕೊಳ್ಳುವುದು ಲೇಸು. ವಿಕ್ಟೋರಿಯಾ ಇರುವುದು ಬಯಲಿನಲ್ಲಿ, ಅಲ್ಲಿ ವೇಗದ ಅಗತ್ಯವೂ ಅಷ್ಟಿಲ್ಲ.

ವಿಮಾನ ನಿಲ್ದಾಣದ ಆವರಣದಲ್ಲಿರುವ 108 ಅಡಿಯ ಕೆಂಪೇಗೌಡ ಪ್ರತಿಮೆಯ ಪಾಡು ಬೇರೆ. ರಾಮ್ ಸುತಾರ್ ವಿನ್ಯಾಸಗೊಳಿಸಿ, 2022ರ ನವೆಂಬರ್ 11ರಂದು ಅನಾವರಣಗೊಂಡ ಈ ಪ್ರತಿಮೆಗೆ ಹಿನ್ನೆಲೆ ಬರಿಯ ಆಕಾಶ. ಫಿಲ್ಟರ್ ಇಲ್ಲದೆ ತೆಗೆದರೆ ಆಕಾಶ ಬಿಳಿಹಾಳೆಯಂತಾಗಿ ಪ್ರತಿಮೆ ಕತ್ತರಿಸಿ ಅಂಟಿಸಿದ ಕಪ್ಪು ಆಕೃತಿಯಾಗುತ್ತದೆ. ಕೆಂಪು ಫಿಲ್ಟರ್ ಹಾಕಿದಾಗ ನೀಲಿ ಕಡುವಾಯಿತು, ಮೋಡಗಳು ಎದ್ದುನಿಂತವು, ಕಂದು ಲೋಹ ಆಕಾಶಕ್ಕಿಂತ ಒಂದು ಛಾಯೆ ತಿಳಿಯಾಗಿ ಮುಂದೆ ಬಂದಿತು. ಕೆಂಪು ಫಿಲ್ಟರ್ ಮೂರು ಸ್ಟಾಪ್ ಬೆಳಕು ತಿನ್ನುತ್ತದೆ. ನಡುಹಗಲಿನ ಬಿಸಿಲಿಗೆ ಎಫ್16, ಸೆಕೆಂಡಿನ 500ನೆಯ ಒಂದು ಭಾಗ ಎಂದಿದ್ದದ್ದು ಎಫ್5.6ಕ್ಕೆ ಇಳಿಯಿತು, ಆದರೂ ಕೈಯಲ್ಲಿ ಹಿಡಿದೇ ತೆಗೆಯಲು ಸಾಧ್ಯವಾಯಿತು. ಪ್ರತಿಮೆ ಟರ್ಮಿನಲ್ಲಿನ ಹೊರಗಿರುವುದರಿಂದ ರೋಲು ಎಕ್ಸ್‌ರೇ ಯಂತ್ರದೊಳಗೆ ಹೋಗುವ ಪ್ರಮೇಯವಿಲ್ಲ. ಅಲ್ಲಿಂದಲೇ ವಿಮಾನ ಹತ್ತುವವರು ಮಾತ್ರ ರೋಲನ್ನು ಕೈಯಿಂದಲೇ ತಪಾಸಿಸುವಂತೆ ಕೇಳಿಕೊಳ್ಳಬೇಕು, ಹೊಸ ಸಿಟಿ ಸ್ಕ್ಯಾನರುಗಳು ಫಿಲ್ಮಿಗೆ ಮಂಜು ಕವಿಸುತ್ತವೆ.

ಶಿಲ್ಪವೆಂದರೆ ಕಂಚು ಮತ್ತು ಶಿಲೆ ಮಾತ್ರವಲ್ಲ. ನಮ್ಮ ವೃತ್ತಗಳಲ್ಲಿರುವುದು ಬಹುತೇಕ ಬಣ್ಣ ಬಳಿದ ಪ್ರತಿಮೆಗಳು, ಮತ್ತು ಕಪ್ಪು-ಬಿಳುಪಿನ ನಿಜವಾದ ತಮಾಷೆ ಇರುವುದು ಅವುಗಳಲ್ಲಿ. ಬಂಗಾರದ ಬಣ್ಣ ಬಳಿದ ರಾಜ್‌ಕುಮಾರ್ ಎದೆಮಟ್ಟದ ಪ್ರತಿಮೆಯನ್ನು ಬಿಸಿಲಿನಲ್ಲಿ ತೆಗೆದರೆ ಹಣೆ, ಮೂಗು, ಕೆನ್ನೆಗಳು ಎಣ್ಣೆ ಹಚ್ಚಿದಂತೆ ಬೆಳ್ಳಗೆ ಹೊಳೆಯುತ್ತವೆ. ಸಂಜೆ ಐದೂವರೆಯ ನೆರಳಿನಲ್ಲಿ ತೆಗೆದಾಗ ಅದೇ ಮುಖದಲ್ಲಿ ಆ ಪರಿಚಿತ ನಗು ಮೂಡಿತು. ನೀಲಿ ಕೋಟಿನ ಅಂಬೇಡ್ಕರ್ ಪ್ರತಿಮೆಯನ್ನು ಫಿಲ್ಟರ್ ಇಲ್ಲದೆ ತೆಗೆದಾಗ ಕೋಟು ತಿಳಿಯಾದ ಬೂದಾಗಿ ಬಂತು, ಕೆಂಪು ಫಿಲ್ಟರಿನಲ್ಲಿ ಕಪ್ಪು ಕೋಟಾಯಿತು. ಅತ್ಯಂತ ಮುಜುಗರದ ಪ್ರಸಂಗ ನಡೆದದ್ದು ನಮ್ಮ ಧ್ವಜದ ವಿಷಯದಲ್ಲಿ. ಪ್ರತಿಮೆಯೊಂದರ ಪಕ್ಕದ ಕಂಬದಲ್ಲಿ ಹಾರುತ್ತಿದ್ದ ಹಳದಿ-ಕೆಂಪು ಬಾವುಟವನ್ನೂ ಸೇರಿಸಿ, ಆಕಾಶ ಚೆನ್ನಾಗಿ ಬರಲೆಂದು ಕೆಂಪು ಫಿಲ್ಟರ್ ಹಾಕಿ ತೆಗೆದಿದ್ದೆ. ಕೆಂಪು ಗಾಜಿನ ಮುಂದೆ ಹಳದಿಯೂ ಬಿಳಿ, ಕೆಂಪೂ ಬಿಳಿ. ನೆಗೆಟಿವ್ ಒಣಗಿಸಿ ನೋಡಿದರೆ ಕಂಬದ ಮೇಲೆ ಯಾರೋ ಪಂಚೆ ಒಣಹಾಕಿದಂತಿತ್ತು. ಫಿಲ್ಟರ್ ಇಲ್ಲದ ಮತ್ತೊಂದು ಚಿತ್ರದಲ್ಲಿ ಹಳದಿ ತಿಳಿಯಾಗಿ, ಕೆಂಪು ಗಾಢವಾಗಿ, ಬಾವುಟ ಬಾವುಟವಾಗಿಯೇ ಉಳಿದಿದೆ.

ತೊಳೆಯುವ ಕೆಲಸದ ಬಗ್ಗೆ ಒಂದು ಕಹಿ ಅನುಭವವನ್ನು ದಾಖಲಿಸಬೇಕು. ಮೊದಲ ಎರಡು ರೋಲುಗಳನ್ನು ನಗರದ ಒಂದು ಲ್ಯಾಬಿಗೆ ಕೊಟ್ಟಿದ್ದೆ. ಅವರು ಕಳುಹಿಸಿದ ಸ್ಕ್ಯಾನುಗಳಲ್ಲಿ ಕಪ್ಪು ಕಾಡಿಗೆಯಂತೆ, ಬಿಳಿ ಸುಣ್ಣದಂತೆ ಇದ್ದವು, ನಡುವೆ ಏನೂ ಇರಲಿಲ್ಲ. ರೋಲನ್ನೇ ಬೈದುಕೊಂಡು ಈ ವಿಮರ್ಶೆಯನ್ನು ಬೇರೆಯೇ ಧಾಟಿಯಲ್ಲಿ ಬರೆಯಲು ಕುಳಿತಿದ್ದೆ. ಎರಡು ವಾರದ ನಂತರ ನೆಗೆಟಿವ್ ಕೈಗೆ ಬಂದಾಗ ನೋಡಿದರೆ, ಸ್ಕ್ಯಾನಿನಲ್ಲಿ ಸುಣ್ಣವಾಗಿದ್ದ ಜಾಗದಲ್ಲಿ ಎಲ್ಲ ವಿವರವೂ ಇತ್ತು. ಸ್ಕ್ಯಾನ್ ಮಾಡಿದವರು ಯಂತ್ರಕ್ಕೆ ಬಿಟ್ಟು ಕಾಂಟ್ರಾಸ್ಟ್ ಏರಿಸಿದ್ದರು. ಅಂದಿನಿಂದ ಮನೆಯಲ್ಲೇ ತೊಳೆಯುತ್ತಿದ್ದೇನೆ.

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಸಾಯನವಾದ ಐಡಿ-11 ಡೆವಲಪರಿಗೆ ಒಂದಕ್ಕೆ ಒಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ 13 ನಿಮಿಷ ಎಂಬುದು ಕಂಪನಿಯ ಸೂಚನೆ. ಬೆಂಗಳೂರಿನ ನಲ್ಲಿಯಲ್ಲಿ ಏಪ್ರಿಲಿನಲ್ಲಿ 20 ಡಿಗ್ರಿಯ ನೀರು ಬರುವುದಿಲ್ಲ. ಸ್ಟೀಲ್ ಬೇಸಿನ್ನಿಗೆ ಫ್ರಿಜ್ಜಿನ ಐಸು ಸುರಿದು ಬಾಟಲಿಗಳನ್ನು ನಿಲ್ಲಿಸಬೇಕು, ಇಲ್ಲವೇ 24 ಡಿಗ್ರಿಗೆ ಒಪ್ಪಿಕೊಂಡು ಸಮಯವನ್ನು ಸುಮಾರು 9 ನಿಮಿಷಕ್ಕೆ ಇಳಿಸಬೇಕು. ಎರಡೂ ವಿಧಾನಗಳನ್ನು ಪ್ರಯತ್ನಿಸಿದೆ, ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಯ ತೊಳೆತಕ್ಕೆ ನಲ್ಲಿ ಬಿಟ್ಟು ಹತ್ತು ನಿಮಿಷ ನೀರು ಹರಿಸಬೇಕಿಲ್ಲ. ಫಿಲ್ಮ್ ತೊಳೆಯುವ ಪುಟ್ಟ ಟ್ಯಾಂಕಿಗೆ ನೀರು ತುಂಬಿ 5 ಬಾರಿ ತಲೆಕೆಳಗು ಮಾಡಿ ಚೆಲ್ಲುವುದು, ಮತ್ತೆ ತುಂಬಿ 10 ಬಾರಿ, ಮತ್ತೊಮ್ಮೆ ತುಂಬಿ 20 ಬಾರಿ ಎಂಬ ಇಲ್ಫೋರ್ಡಿನದೇ ವಿಧಾನದಲ್ಲಿ ಒಂದು ರೋಲಿಗೆ ಲೀಟರಿನೊಳಗೇ ಕೆಲಸ ಮುಗಿಯುತ್ತದೆ. ಟ್ಯಾಂಕರಿನ ದಾರಿ ಕಾಯುವ ಬಡಾವಣೆಯವನಾದ ನನಗೆ ಈ ರೋಲಿನ ಜೊತೆ ದೊರೆತ ಅತ್ಯುತ್ತಮ ಸಲಹೆ ಇದೇ ಇರಬೇಕು.

ಸಂಜೆ ಆರರ ನಂತರ ಇದರ ವೇಗ 1600 ಎಂದು ಭಾವಿಸಿಕೊಂಡು ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟೂ ನೋಡಿದೆ. ಬೀದಿದೀಪದ ಕೆಳಗಿನ ಮುಖಗಳು ಬರುತ್ತವೆ, ಆದರೆ ಪೀಠದ ಮೇಲಿನ ಅಕ್ಷರಗಳು ಕತ್ತಲಲ್ಲಿ ಮುಳುಗುತ್ತವೆ. ಶಿಲ್ಪಕ್ಕೆ ಆ ಆಟ ಬೇಡ, ಪೆಟ್ಟಿಗೆಯ ಮೇಲೆ ಬರೆದಿರುವ 400ರಲ್ಲಿ ಅಥವಾ ಇನ್ನೂ ಧಾರಾಳವಾಗಿ 320ರಲ್ಲಿ ತೆಗೆಯುವುದೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಕೊಳ್ಳುವವರಿಗೆ ಇಷ್ಟು ಹೇಳಬಲ್ಲೆ. ಮರಗಳ ನಡುವಿನ ಕಂಚು ನಿಮ್ಮ ಗುರಿಯಾಗಿದ್ದರೆ ಒಂದು ಹಳದಿ-ಹಸಿರು ಫಿಲ್ಟರಿನೊಂದಿಗೆ ಎಚ್‌ಪಿ5 ಪ್ಲಸ್ ಕೊಳ್ಳಿ, ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಅಮೃತಶಿಲೆಗೆ ಎರಡೂವರೆ. ಕೈ ಪಳಗಿಸಿಕೊಳ್ಳುವ ಹಂತದಲ್ಲಿದ್ದರೆ ಅದೇ ಹಾರ್ಮನ್ ಸಂಸ್ಥೆಯ, ಅಗ್ಗದ ಕೆಂಟ್ಮಿಯರ್ 400ರಲ್ಲಿ ಮೊದಲ ಎರಡು ರೋಲು ಕೆಡಿಸಿ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಅವಧಿ ದಿನಾಂಕವನ್ನು ತಪ್ಪದೆ ನೋಡಿ, ರೋಲನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟಿದ್ದರೆ ಬೇಡವೆನ್ನಿ. ಕೆ1000 ಇರುವವರು ಲೆನ್ಸಿನ ಮುಚ್ಚಳ ಮುಚ್ಚಿಯೇ ಚೀಲಕ್ಕೆ ಹಾಕಿ. ಅದರ ಮೀಟರಿಗೆ ಸ್ವಿಚ್ಚಿಲ್ಲ, ಬೆಳಕು ಬಿದ್ದಷ್ಟು ಹೊತ್ತೂ ಬ್ಯಾಟರಿ ಕರಗುತ್ತಿರುತ್ತದೆ. ನಾಲ್ಕನೆಯ ರೋಲಿನ ಹದಿನೇಳು ಚಿತ್ರಗಳನ್ನು ನಾನು ಮೀಟರ್ ಸತ್ತುಹೋದದ್ದು ಗೊತ್ತಿಲ್ಲದೆ ತೆಗೆದಿದ್ದೆ. ಅವುಗಳಲ್ಲಿ ಹನ್ನೊಂದು ಚೆನ್ನಾಗಿಯೇ ಬಂದಿವೆ.